ತುಳುವಿನಲ್ಲಾದರೆ ಮಾತಾಡುತ್ತಾನೆ ಎಂದಿದ್ದೆ

ಜಾನಕಿ, ನಿನ್ನ ಗಂಡ ಆ ದಿನ ನನ್ನ ಕಾರಿನಲ್ಲಿ ಒಂದೇ ಒಂದು ಮಾತನ್ನೂ ಆಡಿರಲಿಲ್ಲ. ಆಡಿದ್ದಾನೆ, ಅದೂ ಬಾಯಿ ಮುಚ್ಚದೆ ಆಡಿದ್ದಾನೆ ಎಂದು ನಿನಗೆ ಹೇಳಿದವನು ನಾನು. ಹೇಳಿ ಹದಿಮೂರು ವರ್ಷವಾಯಿತು. ಅದು ಸುಳ್ಳು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡರೆ ಕೈ ಬೇರೆ ಕಡೆಗೇ ಹೋಗುತ್ತದೆ — ಆ ದಿನ ಏನೇನೆಲ್ಲ ಆಗಿಬಿಡಬಹುದಿತ್ತು ಎಂಬ ಕಡೆಗೆ. ನನ್ನ ಜಾಯಮಾನವೇ ಅದು. ದಾರಿಯಲ್ಲಿ ಕೈ ಅಡ್ಡ ಹಿಡಿದ ಮೂವರು ಅಪರಿಚಿತರನ್ನು ನಾನು ಕಾರಿಗೆ ಹತ್ತಿಸಿದ್ದೆ. ಅವರು ಕಳ್ಳರಾಗಿರಬಹುದಿತ್ತು; ನನ್ನನ್ನು ಚರಂಡಿಗೆ ಉರುಳಿಸಿ ಕಾರು ಹೊಡೆದುಕೊಂಡು ಹೋಗಬಹುದಿತ್ತು. ಅವರ ಕೈಚೀಲದಲ್ಲಿ ಕಳ್ಳಭಟ್ಟಿ ಇರಬಹುದಿತ್ತು — ಪಾನನಿರೋಧದ ಕಾಲ ಅದು, ಬಾಟಲಿಯ ಒಟ್ಟಿಗೆ ಡ್ರೈವರನನ್ನೂ ಕಟ್ಟಿ ಒಯ್ಯುತ್ತಿದ್ದರು. ಒಬ್ಬನಿಗೆ ಸಿಡುಬು ಏಳುತ್ತಿರಬಹುದಿತ್ತು. ಮುದುಕ ಹಿಂದಿನ ಸೀಟಿನಲ್ಲೇ ಪ್ರಾಣ ಬಿಡಬಹುದಿತ್ತು. ಆಮೇಲೆ ನಾನು ಯಾರ ಮನೆ ಅಂತ ಹುಡುಕುವುದು? ನಾಲ್ಕು ಜನರ ಭಾರಕ್ಕೆ ಸ್ಪ್ರಿಂಗ್ ಪಟ್ಟಿ ತುಂಡಾಗಬಹುದಿತ್ತು. ಬಾಡಿಗೆಗೆ ಓಡಿಸುತ್ತೀಯಾ ಎಂದು ಪೊಲೀಸರು ಕೇಸು ಹಾಕಬಹುದಿತ್ತು. ಯಾರಾದರೂ ಸೀಟಿನ ಮೇಲೆ ವಾಂತಿ ಮಾಡಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಚಿಕ್ಕದು. ಅಲ್ಲಿಗೆ ಬರುತ್ತೇನೆ — ಬರದೆ ಬಿಡುವುದಿಲ್ಲ.

ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ನಾನು ಪುತ್ತೂರಿನಲ್ಲಿ ಹೊಲಿಗೆ ಮಿಷನ್ನು ರಿಪೇರಿಯ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಮಂಗಳೂರಿನ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಪುಟ್ಟ ಕಾರೊಂದು ಕೈಯಿಂದ ಕೈಗೆ ದಾಟಿ, ಯಾರಿಗೂ ಬೇಡವಾಗಿ, ನನ್ನ ಪಾಲಿಗೆ ಬಂದಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರೆ ಅದಕ್ಕೆ ಮನಸ್ಸಿದ್ದ ದಿನ ಹೊರಡುತ್ತಿತ್ತು. ಊರೂರಿಗೆ ಹೋಗಿ ಮಿಷನ್ನು ರಿಪೇರಿ ಮಾಡುವವನಿಗೆ ಕಾರು ಅನುಕೂಲವೇ. ಆದರೆ ಕಾರಿದ್ದವನಿಗೆ ದಾರಿಯಲ್ಲಿ ಕೈ ಅಡ್ಡ ಹಿಡಿಯುವವರೂ ಇರುತ್ತಾರೆ ಎಂಬುದು ನನಗೆ ಕಾರು ಬಂದ ಮೇಲೆಯೇ ಹೊಳೆದದ್ದು. ನಿಲ್ಲಿಸಿದರೆ ಇವರು ಯಾರೋ ಎಂಬ ಭಯ. ನಿಲ್ಲಿಸದೆ ಬಂದರೆ, ಪಾಪ, ಆ ಬಿಸಿಲಲ್ಲಿ ನಿಂತವರು ಏನಾದರೋ ಎಂಬ ಭಯ. ನನ್ನ ಹೆಂಡತಿ ಒಂದು ದಿನ ಊಟ ಬಡಿಸುತ್ತ ಹೇಳಿದಳು: "ಹತ್ತಿಸಿದ್ರೂ ನಿಮಗೆ ತಲೆಬಿಸಿ, ಬಿಟ್ಟು ಬಂದ್ರೂ ತಲೆಬಿಸಿ. ಕಾರು ಮಾರಿ ಸೈಕಲ್ ತಗೊಳ್ಳಿ. ಅದರಲ್ಲಿ ಒಬ್ಬನೇ ಅಲ್ವಾ, ಬಿದ್ರೂ ಒಬ್ಬನೇ."

ಆ ದಿನ ಬೆಳ್ಳಾರೆ ದಾರಿಯಲ್ಲಿ ಬಸ್ಸೊಂದು ರಸ್ತೆಯ ಅಂಚಿಗೆ ವಾಲಿಕೊಂಡು ನಿಂತಿತ್ತು. ಜನರೆಲ್ಲ ಬೈಯುತ್ತ ನಡೆದು ಹೋಗಿಯಾಗಿತ್ತು. ಉಳಿದವರು ಮೂವರು — ಕಪ್ಪು ಕೋಟು ತೊಟ್ಟ ಮುದುಕರು, ಅವರ ಅಳಿಯ, ಮತ್ತೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಉದ್ದ ಹುಡುಗ. ಕೋಟಿನವರು ನೇರ ಕಾರಿನ ಎದುರೇ ಬಂದು ನಿಂತರು. ನಿನ್ನ ಮಾವ ಅಣ್ಣು ಗೌಡರು ಅವರು. ಅವರೀಗ ಇಲ್ಲ, ಇದ್ದರೆ ಈ ಮಾತಿಗೆ ಸಾಕ್ಷಿ ಹೇಳುತ್ತಿದ್ದರು.

"ಸ್ವಾಮೀ, ಬಸ್ಸಿನ ಎಕ್ಸೆಲ್ ತುಂಡಾಯ್ತು. ನಾವು ಪೆರಾಬೆಯವರು. ಐವರ್ನಾಡಿಗೆ ಹೆಣ್ಣು ನೋಡ್ಲಿಕ್ಕೆ ಹೊರಟದ್ದು."

"ಮೂರು ಜನವಾ?" ಎಂದೆ ನಾನು. ಸ್ಪ್ರಿಂಗ್ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದು.

ಅವರು ಹಣೆ ಚಚ್ಚಿಕೊಂಡರು. "ಅದೇ ಅಲ್ವಾ ಮಾರಾಯ್ರೆ ತೊಂದರೆ! ನಾಲ್ಕೇ ಜನ ಹೊರಟದ್ದು. ನನ್ನ ತಮ್ಮನಿಗೆ ಪುತ್ತೂರಿನಲ್ಲಿ ಹೊಟ್ಟೆ ಕೆಟ್ಟಿತು, ವಾಪಸ್ ಹೋದ. ಮೂರು ಜನ ಶುಭಕಾರ್ಯಕ್ಕೆ ಮೆಟ್ಟಿಲು ಹತ್ತುದು ಹೇಗೆ? ಈಗ ನೀವು ಸಿಕ್ಕಿದ್ರಿ, ನಾಲ್ಕಾಯ್ತು."

ಅಂದರೆ ನಾನು ಕಾರು ಕೊಡುವುದಷ್ಟೇ ಅಲ್ಲ, ಲೆಕ್ಕ ತುಂಬುವುದಕ್ಕೂ ಬೇಕಾಗಿತ್ತು. ಮೂರು ಜನ ಹೋದ ಕೆಲಸ ಮುರಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನಗೆ ಅದರಲ್ಲಿ ನಂಬಿಕೆ ಇಲ್ಲ — ಇಲ್ಲ ಎಂದು ಹೇಳುತ್ತೇನೆ, ಆದರೆ ಮೂರು ಜನರೊಟ್ಟಿಗೆ ನಾನೂ ಹೊರಡುವುದಿಲ್ಲ. "ನಾನು ಒಳಗೆ ಬರುದಿಲ್ಲ" ಎಂದೆ. "ಜಗಲಿಯಲ್ಲಿ ಕೂತ್ರೆ ಸಾಕು. ಒಂದು ಲೋಟ ಕಾಫಿ" ಎಂದರು. ಅಷ್ಟರಲ್ಲಿ ಅಳಿಯ ಹಿಂದೆ ಹತ್ತಿ ಕೂತಾಗಿತ್ತು.

ಉದ್ದ ಕಾಲಿನ ಹುಡುಗನನ್ನು ನನ್ನ ಪಕ್ಕ ಕೂರಿಸಿದರು. ನಿನ್ನ ಲಿಂಗಪ್ಪ. ನಾನು ತುಳುವಿನಲ್ಲಿ ಬಿಸಿಲಿನ ವಿಷಯ ಎತ್ತಿದೆ, ತಲೆಯಾಡಿಸಿದ. ಕನ್ನಡದಲ್ಲಿ ಬಸ್ಸಿನ ವಿಷಯ ಎತ್ತಿದೆ, ಮುಗುಳ್ನಕ್ಕ. ಹಿಂದಿನಿಂದ ಅವನ ಅಪ್ಪ ಅವನ ಪಾಲಿನದ್ದನ್ನೂ ಸೇರಿಸಿ ಮಾತಾಡುತ್ತಿದ್ದರು. ಮದುವೆಗೆ ಹೊರಟವನಿಗೆ ಭಯ ಇರುತ್ತದೆ ಎಂದುಕೊಂಡೆ. ಒಂದು ಏರಿನಲ್ಲಿ ಕಾರು ಉಸಿರು ಕಟ್ಟಿ ನಿಂತಿತು, ಮೆಲ್ಲ ಹಿಂದಕ್ಕೆ ಸರಿಯತೊಡಗಿತು. ನಾನು ದೇವರನ್ನು ನೆನೆಯುವಷ್ಟರಲ್ಲಿ ಹುಡುಗ ಬಾಗಿಲು ತೆರೆದು ಇಳಿದು, ಬಿಳಿ ಅಂಗಿಯಲ್ಲೇ ಬಾಗಿ, ಹಿಂದಿನ ಚಕ್ರಕ್ಕೆ ಕಲ್ಲು ಒತ್ತಿಟ್ಟಿದ್ದ. ಆಮೇಲೆ ಕೈ ಕೊಡವಿಕೊಂಡು ಬಂದು ಕೂತ. ಯಾರೂ ಅವನಿಗೆ ಹೇಳಿರಲಿಲ್ಲ. ಅವನೂ ಏನೂ ಹೇಳಲಿಲ್ಲ.

ಇದೊಂದು ನಿಜವಾದ ಮಾತು ನನ್ನ ಕೈಯಲ್ಲಿತ್ತು, ಜಾನಕಿ. ಇದನ್ನು ಹೇಳಬಹುದಿತ್ತು.

ನಿಮ್ಮ ಮನೆಯ ಜಗಲಿಯಲ್ಲಿ ಕೂತ ಮೇಲೆ ನನ್ನ ಪಾಡು ನೋಡಬೇಕಿತ್ತು. ನಿನ್ನ ಅಪ್ಪ ದೇರಣ್ಣ ಗೌಡರು ನನ್ನನ್ನು ಗಂಡಿನ ಕಡೆಯ ದೊಡ್ಡ ಮನುಷ್ಯ ಎಂದೇ ತಿಳಿದರು — ಕಾರಿನವನಲ್ಲವೇ! "ನಿಮ್ಮ ಬಳಿ ಯಾವುದು?" ಎಂದು ಕೇಳಿದರು. ಬಳಿ ಎಂದರೆ ಗೌಡರಲ್ಲಿ ಗೋತ್ರದ ಹಾಗೆ. ನಾನು ಗೌಡನೇ ಅಲ್ಲ. ಬಾಯಿತುಂಬ ಬಾಳೆಹಣ್ಣಿನ ಹಲ್ವ ಇದ್ದದ್ದು ಪುಣ್ಯ. ಅಣ್ಣು ಗೌಡರು ತಡ ಮಾಡದೆ ಹೇಳಿದರು: "ಅವರು ನಮ್ಮವರೇ, ಪುತ್ತೂರಿನವರು." ಯಾವ ಅರ್ಥಕ್ಕೂ ಒಗ್ಗುವ ಮಾತು ಅದು, ನಮ್ಮವರೇ. ಸುಳ್ಳೂ ಅಲ್ಲ. ಮುಂದಿನ ಪ್ರಶ್ನೆ ಬರುವ ಮೊದಲು ನಾನು ಜಗಲಿಯ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನು ಕಂಡೆ, ಎದ್ದೆ. "ಇದು ಓಡ್ತದಾ?" "ಎಲ್ಲಿಂದ! ನಾಲ್ಕು ತಿಂಗಳಾಯ್ತು. ದಾರ ಸಿಕ್ಕು ಸಿಕ್ಕು ಆಗ್ತದೆ, ಮಗಳು ದಿನಾ ಅದಕ್ಕೆ ಬೈತಾಳೆ." ನಾನು ಎದುರೇ ಕೂತು ಅದರ ಹೊಟ್ಟೆ ಬಿಚ್ಚಿದೆ.

ಎಣ್ಣೆ ಕೇಳಿದ್ದಕ್ಕೆ ಎಣ್ಣೆ ಬುಡ್ಡಿ ಹಿಡಿದು ಬಂದವಳು ನೀನು. ಅದಕ್ಕೆ ಮೊದಲು ಕಾಫಿ ಕೊಡುವಾಗ ನೀನು ಹುಡುಗನ ಎದುರು ಒಂದು ಗಳಿಗೆ ನಿಂತದ್ದನ್ನು, ಅವನು ಲೋಟದೊಳಗೇ ನೋಡುತ್ತಿದ್ದದ್ದನ್ನು ಎಲ್ಲರೂ ನೋಡಿದ್ದೆವು. ಹಿರಿಯರು ಅತ್ತ ತೋಟದ ಮಾತಿನಲ್ಲಿದ್ದರು. ನೀನು ನನ್ನ ಹತ್ತಿರ ಕೂತು, ಸ್ವರ ತಗ್ಗಿಸಿ, ಕನ್ನಡದಲ್ಲಿ ಕೇಳಿದೆ:

"ಅವರಿಗೆ ಮಾತು ಬರ್ತದಾ?"

ನಾನು ನಕ್ಕೆ. ನೀನು ನಗಲಿಲ್ಲ.

"ತಮಾಷೆ ಅಲ್ಲ. ನಮ್ಮದು ಗಲಾಟೆಯ ಮನೆ. ಏಳು ಜನ, ಏಳೂ ಬಾಯಿ. ಸುಮ್ಮನೆ ಕೂರುವವರ ಹತ್ರ ನಂಗೆ ಒಂದು ಹೊತ್ತು ಕಳೀಲಿಕ್ಕೆ ಆಗುದಿಲ್ಲ. ನಾನು ಹೂಂ ಅಂದ್ರೆ ಮಾತ್ರ ಮದುವೆ ಅಂತ ಅಪ್ಪ ಹೇಳಿದ್ದಾರೆ. ಈಗ ಒಳಗೆ ಹೋಗಿ ನಾನು ಹೇಳ್ಬೇಕು. ನಿಜ ಹೇಳಿ."

ಒಂದು ಹುಡುಗಿಯ ಇಡೀ ಬಾಳು ಎಣ್ಣೆ ಬುಡ್ಡಿಯ ಮೂತಿಯ ಮೇಲೆ ಕೂತಿತ್ತು. ಆ ಕ್ಷಣದಲ್ಲಿ ನನಗೆ ಅದು ತಿಳಿದಿತ್ತು. ತಿಳಿಯಲಿಲ್ಲ ಎಂದು ಹೇಳಲಾರೆ. ನಾನು ಹೇಳಬೇಕಾದದ್ದು ಇಷ್ಟು — ನಾನು ಅವರ ಕಡೆಯವನಲ್ಲ, ದಾರಿಯಲ್ಲಿ ಸಿಕ್ಕಿದವನು, ಹುಡುಗ ಮಾತಾಡಿದ್ದನ್ನು ಕೇಳಿಲ್ಲ, ಆದರೆ ಚಕ್ರಕ್ಕೆ ಕಲ್ಲು ಇಟ್ಟ. ಅದರ ಬದಲು ನನ್ನ ತಲೆ ಎಂದಿನಂತೆ ಓಡಿತು: ಇವಳು ಬೇಡವೆಂದರೆ? ನಾಲ್ಕನೆಯವನು ಬಂದೂ ಕೆಲಸ ಮುರಿಯಿತು ಎಂದಾದರೆ? ಕಾರಿನವನ ಕಾಲ್ಗುಣ ಎಂದು ಊರೆಲ್ಲ ಆಡಿದರೆ? ಮತ್ತೆ ಆ ಹಲ್ವ ಬೇರೆ, ತಿಂದದ್ದರ ಋಣ...

"ಮಾತಾ?" ಎಂದೆ. "ನಿಮ್ಮ ಅರೆಭಾಷೆಯ ನಡುವೆ ಹೆದರಿ ಕೂತಿದ್ದಾನೆ ಅಷ್ಟೆ. ಅವರ ಮನೆಯಲ್ಲಿ ತುಳು ಅಲ್ವಾ. ತುಳುವಿನಲ್ಲಾದರೆ ಅವನ ಬಾಯಿ ನಿಲ್ಲುದಿಲ್ಲ. ಬರುವಾಗ ಕಾರಿನಲ್ಲಿ ನಮಗ್ಯಾರಿಗೂ ಒಂದು ಮಾತಿಗೆ ಎಡೆ ಕೊಡ್ಲಿಲ್ಲ!"

ಎಂಥ ಹೊಂದಿಕೆಯ ಸುಳ್ಳು ನೋಡು. ಗೌಡರೇ ಎರಡೂ ಕಡೆ. ಆದರೆ ನಿಮ್ಮ ಸುಳ್ಯದ ಕಡೆ ಮನೆಮಾತು ಅರೆಭಾಷೆ, ನಮ್ಮ ಪುತ್ತೂರಿನ ಕಡೆ ತುಳು. ಬೇರೆ ಸೀಮೆಯವನಿಗೆ ಈ ಸುಳ್ಳು ಹೊಳೆಯುತ್ತಲೂ ಇರಲಿಲ್ಲ. ನಿನ್ನ ಮುಖ ಅರಳಿತು. "ಹೌದಾ! ತುಳು ನನಗೂ ಬರ್ತದೆ. ಅಷ್ಟಿಷ್ಟು" ಎಂದು, ಬುಡ್ಡಿಯನ್ನು ಅಲ್ಲೇ ಬಿಟ್ಟು ನೀನು ಎದ್ದು ಹೋದೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ನಿನ್ನ ಅಮ್ಮ ಬಂದು ಅಪ್ಪನ ಕಿವಿಯಲ್ಲಿ ಏನೋ ಹೇಳಿದರು. ಅಪ್ಪ ಎಲೆಯಡಿಕೆಯ ತಟ್ಟೆ ಮುಂದಕ್ಕೆ ಸರಿಸಿದರು. ನನ್ನ ಕೈಯಲ್ಲಿ ಮಿಷನ್ನು ಓಡತೊಡಗಿತು, ಸೊಗಸಾಗಿ. ಎಲ್ಲರೂ ಅದನ್ನೂ ಶುಭಶಕುನ ಎಂದರು.

ಮದುವೆಯ ಕಾಗದ ಬಂದಿತ್ತು. ನಾನು ಬರಲಿಲ್ಲ. ಟೈರು ಒಡೆದಿದೆ ಎಂದು ಕತೆ ಕಟ್ಟಿ ಬರೆದು ಹಾಕಿದೆ.

ಆಮೇಲೆ ಶುರುವಾಯಿತು ನನ್ನ ಭಯಗಳ ಎರಡನೆಯ ಪಟ್ಟಿ. ಲಿಂಗಪ್ಪ ಮೂಗನಾಗಿದ್ದರೆ? ಕುಡಿಯುವವನಾಗಿದ್ದು, ಬಾಯಿ ತೆರೆದರೆ ವಾಸನೆ ಬರುತ್ತದೆಂದು ಮುಚ್ಚಿಕೊಂಡಿದ್ದರೆ? ಘಟ್ಟದ ಮೇಲೆ ಇನ್ನೊಂದು ಸಂಸಾರವಿದ್ದರೆ? ಮೌನದವರಿಗೆ ಸಿಟ್ಟು ಒಳಗೇ ಕುದಿಯುತ್ತದಂತೆ, ಒಂದು ದಿನ ಉಕ್ಕಿದರೆ? ಅಂಗಡಿಗೆ ಕಡಬದ ಕಡೆಯವರು ಯಾರು ಬಂದರೂ ಸೂಜಿಗೆ ದಾರ ಪೋಣಿಸುತ್ತ, ಏನೂ ಅರಿಯದವನ ಹಾಗೆ, "ಪೆರಾಬೆಯಲ್ಲಿ ಹೇಗೆ ಎಲ್ಲ?" ಎಂದು ಕೇಳುತ್ತಿದ್ದೆ. ಅವರು ಪೆರಾಬೆಯ ಅಡಿಕೆಯ ವಿಷಯ ಹೇಳುತ್ತಿದ್ದರು. ಒಂದಷ್ಟು ಕಾಲ ದಾರಿಯಲ್ಲಿ ಯಾರನ್ನೂ ಹತ್ತಿಸಲಿಲ್ಲ. ಕೈ ಅಡ್ಡ ಬಂದಲ್ಲೆಲ್ಲ ಆಕಾಶ ನೋಡುತ್ತ ದಾಟಿದೆ. ಅದೂ ನಡೆಯಲಿಲ್ಲ. ಬಿಟ್ಟು ಬಂದವರೆಲ್ಲ ಮನೆಯವರೆಗೆ ತಲೆಯೊಳಗೆ ಕೂತೇ ಬರುತ್ತಿದ್ದರು, ಅದಕ್ಕಿಂತ ಸೀಟಿನ ಮೇಲೆ ಕೂತರೆ ವಾಸಿ. ಮತ್ತೆ ನಿಲ್ಲಿಸತೊಡಗಿದೆ. ಒಂದು ನಿಯಮ ಮಾತ್ರ ಮಾಡಿಕೊಂಡೆ: ಎಲ್ಲಿಗೆ ಬೇಕಾದರೂ ಇಳಿಸುತ್ತೇನೆ, ಯಾರ ಜಗಲಿಯನ್ನೂ ಹತ್ತುವುದಿಲ್ಲ.

ಹೋದ ತಿಂಗಳು ಕಾಣಿಯೂರಿನ ಹತ್ತಿರ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತಪ್ಪಿದ ಬಸ್ಸಿಗೆ ಬೈಯುತ್ತಿದ್ದ ಹೆಂಗಸನ್ನು ದೂರದಿಂದ ಕಂಡಾಗ ಕಾರು ನಿಧಾನ ಮಾಡಿದೆ. ಕಾರು ಈಗ ಬೇರೆ, ಹ್ಯಾಂಡಲ್ ಇಲ್ಲದ್ದು. ನೀನು ಕಿಟಕಿಗೆ ಬಾಗಿದವಳು ಕೂಗಿಯೇ ಬಿಟ್ಟೆ: "ಅಯ್ಯೋ, ಮಿಷನ್ನಿನ ಅಣ್ಣ ಅಲ್ವಾ!"

ಬಾಗಿಲು ತೆರೆದುಕೊಟ್ಟೆ.

ನೀನು ಕೂತ ಗಳಿಗೆಯಿಂದ ಮಾತು. ಮಾವ ತೀರಿಕೊಂಡದ್ದು, ಹೊಸ ಬಾವಿ, ಮಗನ ಶಾಲೆ. ನಾನು ಸಂಬಂಧಿಕನಲ್ಲ ಎಂಬುದು ಮದುವೆಯಾದ ವಾರವೇ ನಿನಗೆ ಗೊತ್ತಾಗಿತ್ತಂತೆ. ಮಾವನೇ ನಗುತ್ತ ಹೇಳಿದರಂತೆ. ನಾನು "ಮತ್ತೆ... ಲಿಂಗಪ್ಪ ಹೇಗಿದ್ದಾನೆ?" ಎಂದೆ.

"ಒಂದು ಕೊರತೆ ಇಲ್ಲ ಅಣ್ಣ. ಚಿನ್ನ. ಕುಡಿತ ಇಲ್ಲ, ಒಂದು ದಿನ ಕೈ ಎತ್ತಿದ್ದಿಲ್ಲ. ನಂಗೆ ತಲೆನೋವು ಅಂತ ಗೊತ್ತಾದ್ರೆ ಸದ್ದಿಲ್ಲದೆ ಹೋಗಿ ಎಳನೀರು ಕೆತ್ತಿ ತಂದು ಹತ್ರ ಇಡ್ತಾರೆ." ಹದಿಮೂರು ವರ್ಷದ ಕಲ್ಲು ನನ್ನ ಎದೆಯಿಂದ ಉರುಳಿತು. ಉರುಳಿ ಮುಗಿಯುವ ಮೊದಲೇ ನೀನು ಮುಂದುವರಿಸಿದೆ: "ಮಾತು ಮಾತ್ರ ಇಲ್ಲ."

"ಇಲ್ವಾ?" ಎಂದೆ, ನಾಚಿಕೆಗೆಟ್ಟವನು.

"ಇಲ್ಲ ಮಾರಾಯ್ರೆ! ನೀವು ಹೇಳಿದ್ರಲ್ಲ ತುಳುವಿನಲ್ಲಾದರೆ ನಿಲ್ಲಿಸುದಿಲ್ಲ ಅಂತ. ಅದಕ್ಕೇ ನಾನು ಹೋದ ದಿನದಿಂದ ಅರೆಭಾಷೆ ಬಿಟ್ಟೆ. ಅವರ ಹತ್ರ ಬಿಡಿ, ಮಕ್ಕಳ ಹತ್ರವೂ ತುಳುವೇ. ಮನೆ ಇಡೀ ಒಂದೇ ಭಾಷೆ ಆದ್ರೆ ಅವರಿಗೆ ಬಾಯಿ ಬರ್ತದೆ ಅಂತ. ಎಲ್ಲಿ! ನನ್ನ ತುಳು ಸರಿ ಇಲ್ವೋ ಎಂತ ಕತೆಯೋ. ಸುಳ್ಯದ ವಾಸನೆ ಹೊಡೀತದೋ ಏನೋ." ಹೇಳಿ ನೀನು ಬಿದ್ದು ಬಿದ್ದು ನಕ್ಕೆ. ಹಿಂದಿನ ಸೀಟಿನಲ್ಲಿ ಮಕ್ಕಳೂ ನಕ್ಕವು, ಯಾಕೆಂದು ತಿಳಿಯದೆ.

ನಾನು ಗೇರು ಬದಲಿಸಿದೆ. ಬದಲಿಸಬೇಕಾದ ಜಾಗ ಅಲ್ಲ ಅದು.

"ಅದು ಹಾಗಲ್ಲ ಜಾನಕಿ, ನಾನು ಆ ದಿನ ಸುಮ್ಮನೆ..." ಎಂದು ಶುರು ಮಾಡಿದೆ. ನೀನು ತಡೆದೆ. "ನೀವು ಎಂತದ್ದಕ್ಕೆ ಸುಮ್ಮನೆ ಹೇಳುದು? ಸಂಬಂಧಿಕರಾಗಿದ್ರೆ ಸುಳ್ಳು ಹೇಳಿದ್ದು ಅಂತ ನಾನೇ ಹೇಳ್ತಿದ್ದೆ. ದಾರಿಯಲ್ಲಿ ಸಿಕ್ಕಿದವರಿಗೆ ಸುಳ್ಳು ಹೇಳಿ ಆಗ್ಬೇಕಾದ್ದು ಎಂತ?"

ಆಗಬೇಕಾದ್ದು ಏನೂ ಇರಲಿಲ್ಲ. ಐದು ನಿಮಿಷ ಎಲ್ಲರೂ ನಗುತ್ತ ಇರಲಿ ಎಂಬುದೊಂದು ಬಿಟ್ಟರೆ — ಅದೂ ನನ್ನ ಸಮಾಧಾನಕ್ಕೆ. ಹೀಗೆ ಎರಡನೆಯ ಸಲವೂ ನಿಜ ಹೇಳದೆ ತಪ್ಪಿಸಿಕೊಂಡೆ. ನಿನ್ನ ತವರು ಐವರ್ನಾಡಿನವರೆಗೆ ಬಿಡಬಹುದಿತ್ತು, "ಬೆಳ್ಳಾರೆಯಲ್ಲಿ ಕೆಲಸ ಉಂಟು" ಎಂದು ಅಲ್ಲೇ ಇಳಿಸಿದೆ. ಕೆಲಸ ಇರಲಿಲ್ಲ. ನೋಡು, ಅದೂ ಸುಳ್ಳೇ.

ಪೆರಾಬೆಯ ಸೊಸೆಗೆ ಹೇಗಿದ್ದರೂ ತುಳು ಆಗಲೇಬೇಕಿತ್ತು ಎಂದು ನನ್ನ ಒಳಗಿನ ವಕೀಲ ವಾದಿಸುತ್ತಾನೆ. ಅತ್ತೆ-ಮಾವನ ಹತ್ತಿರ ಹೌದು. ಆದರೆ ತೊಟ್ಟಿಲು ತೂಗುವಾಗಲೂ? ಅದಕ್ಕೆ ಅವನಲ್ಲಿ ವಾದವಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬರೆದು ಅಂಚೆಗೆ ಹಾಕುವುದೂ ಇಲ್ಲ, ನಾನೇ ತಂದು ನಿನ್ನ ಕೈಯಲ್ಲಿ ಕೊಡುತ್ತೇನೆ. ಜಗಲಿ ಹತ್ತುತ್ತೇನೆ. ನೀನು ಓದಿ ಮುಗಿಸುವವರೆಗೆ ಕೂತಿರುತ್ತೇನೆ. ಬೈದರೆ ಮೂರೂ ಭಾಷೆಯಲ್ಲಿ ಬೈ. ನಿನ್ನ ತುಳುವಿನಲ್ಲಿ ದೋಷವಿಲ್ಲ, ಜಾನಕಿ. ಲಿಂಗಪ್ಪನಲ್ಲೂ ಇಲ್ಲ, ಅವನು ನಮ್ಮ ಊರಿನ ಎಲ್ಲ ಭಾಷೆಯಲ್ಲೂ ಒಂದೇ ಹದದಲ್ಲಿ ಸುಮ್ಮನಿರಬಲ್ಲ ಮನುಷ್ಯ, ನಿನ್ನನ್ನು ನೋಡುವ ಮೊದಲಿನಿಂದಲೂ. ಇನ್ನು ಮಕ್ಕಳ ಹತ್ತಿರ ನಿನಗೆ ಬೇಕಾದ ಮಾತಿನಲ್ಲಿ ಮಾತಾಡು. ಅವನು ಬೇಡ ಎನ್ನುವುದಿಲ್ಲ. ಅನ್ನುವವನಾಗಿದ್ದರೆ ಇಷ್ಟೆಲ್ಲ ಆಗುತ್ತಲೂ ಇರಲಿಲ್ಲ.

ಕಳ್ಳರಲ್ಲ, ಸಿಡುಬಲ್ಲ, ಕುಡಿತವಲ್ಲ, ಹೊಡೆತವಲ್ಲ. ಆ ದಿನ ಕಾರಿಗೆ ಹತ್ತಿಸಿದ್ದರಿಂದ ಕೆಟ್ಟದ್ದು ಇಷ್ಟೇ. ಹೋದ ತಿಂಗಳು ಬೆಳ್ಳಾರೆ ಹತ್ತಿರ ಬರುವಾಗ ನಿನ್ನ ಮಗಳು ಬಾಯಾರಿಕೆ ಎಂದಳು. ನೀನು ಚೀಲಕ್ಕೆ ಕೈ ಹಾಕುತ್ತ, "ನೀರು ಉಟ್ಟು..." ಎಂದೆ, ಅರೆಭಾಷೆಯಲ್ಲಿ, ನಿನ್ನ ಅಮ್ಮ ಹೇಳುವ ಹಾಗೆ. ಮಗು ನಿನ್ನ ಮುಖ ನೋಡಿತು, ಅದು ಯಾವ ಮಾತು ಎಂಬ ಹಾಗೆ. ನೀನು ನಾಲಿಗೆ ಕಚ್ಚಿಕೊಂಡು, ತಿದ್ದಿ, ತುಳುವಿನಲ್ಲಿ "ನೀರ್ ಉಂಡು" ಎಂದೆ.